ಜಪಾನಿನಲ್ಲೂ ಸಿಗದ ಫೋನು

ರಾಣೆಬೆನ್ನೂರಿನಲ್ಲಿ ಮೊಬೈಲ್ ರಿಪೇರಿ ಮಾಡುವ ದಸ್ತಗೀರನ ಮುಂದೆ ಮಳಿಗೆಯ ಮಾಲೀಕ ಶಿವಯೋಗಪ್ಪ ಸಾವಕಾರರು ಹೊಸ ಫೋನೊಂದರ ಚಿತ್ರ ಹಿಡಿದು ಗುಡುಗಿದರು: "ಈ ಫೋನು ಜಪಾನಿನಾಗಷ್ಟ ಬಿಟ್ಟಾರಂತ. ಊರಾಗ ಯಾರ ಕಡೆನೂ ಇಲ್ಲದ್ದು ನನಗ ಬೇಕು. ತರಸು, ಇಲ್ಲಾಂದ್ರ ಮಳಿಗಿ ಖಾಲಿ ಮಾಡು!"

ದಸ್ತಗೀರ ನಕ್ಕ. "ಜಪಾನಿನವರಿಗೂ ಈಗ ಸಿಗದ್ದು ಕೊಡ್ಲೇನ್ರಿ ಸಾವಕಾರ್ರ?" ಎಂದು ಮೇಜಿನ ಖಾನೆಯಿಂದ ಹಳೆಯ ಬಟನ್ ಫೋನೊಂದನ್ನು ತೆಗೆದು ಚಾಲೂ ಮಾಡಿ ಅದರ ರಿಂಗ್‌ಟೋನ್ ಕೇಳಿಸಿದ. "ಇದನ್ನ ಮಾಡೋ ಕಂಪನಿನ ಮುಚ್ಚೈತ್ರಿ."

ಆ ಹಳೆಯ ರಿಂಗ್‌ಟೋನ್ ಕೇಳಿ ಸಾವಕಾರರ ಮುಖ ಮೆತ್ತಗಾಯಿತು. "ಮದುವಿಗಿಂತ ಮೊದಲ ನಮ್ಮಾಕಿ ಇಂಥಾದ್ರಿಂದನ ಮಿಸ್ಡ್ ಕಾಲ್ ಕೊಡ್ತಿದ್ಲೋ, ದಿನಕ್ಕ ಹತ್ತು ಸಲ!"

ಅಲ್ಲೇ ಅದಕ್ಕೆ ತಮ್ಮ ಸಿಮ್ ಹಾಕಿಸಿಕೊಂಡು ಹೆಂಡತಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರು. ಆಕೆಯೂ ತಿರುಗಿ ಮಿಸ್ಡ್ ಕಾಲೇ ಕೊಟ್ಟಳು. ಜಪಾನಿನ ಸುದ್ದಿ ಬಿಟ್ಟು ಸಾವಕಾರರು ಲಗುಬಗೆಯಿಂದ ಮನೆಯ ದಾರಿ ಹಿಡಿದರು.