ತಿಪ್ಪವ್ವನ ಸಡಿಲು ಮೂಲೆ

ಬಹಳ ಹಿಂದೆ ಒಂದೂರಿತ್ತು. ಎಷ್ಟು ಹಿಂದೆ ಎಂದು ಕೇಳಿದರೆ ಹೇಳುವವರು ಗಾಳಿಯಲ್ಲಿ ಕೈ ಬೀಸುತ್ತಾರೆ, ಅಷ್ಟು ಹಿಂದೆ. ಕಪ್ಪುನೆಲದ ಆ ಊರಲ್ಲಿ ತಿಪ್ಪವ್ವ ಎಂಬ ಕೌದಿ ಹೊಲಿಯುವವಳಿದ್ದಳಂತೆ. ಅವಳಿಗಿಂತ ಮೊದಲು ಹುಟ್ಟಿದವರೆಲ್ಲ ಸತ್ತದ್ದಕ್ಕೆ, ಇದಾದರೂ ಉಳಿಯಲಿ ಎಂದು ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರಿಟ್ಟಿದ್ದರು. ಉಳಿದಳು. ಉಳಿದದ್ದರಿಂದ ಅವಳಿಗೆ ವಿಶೇಷ ಸುಖವೇನೂ ಆಗಲಿಲ್ಲ.

ಅವಳ ಸೂಜಿಯಲ್ಲಿ ದಾರ ಮುಗಿಯುತ್ತಲೇ ಇರಲಿಲ್ಲ ಅಂತಾರೆ. ಅವಳು ಹೊಲಿದ ಕೌದಿ ಹೊದ್ದರೆ ಸತ್ತವರು ಕನಸಿಗೆ ಬಂದು ಕಾಲು ಒತ್ತುತ್ತಿದ್ದರು ಅಂತಾರೆ. ಹೊದ್ದವರು ಯಾರೂ ಈಗಿಲ್ಲ, ಆದ್ದರಿಂದ ವಾದ ಬೇಡ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲುಹೊಲಿಗೆ ಹಾಕುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಹೋಳಿಗೆಯ ಚೂರೊಂದನ್ನು ಒಳಗಿಡುತ್ತಿದ್ದಳು. ಇದು ಅವಳೊಬ್ಬಳ ಪದ್ಧತಿಯಲ್ಲ, ಆ ಸೀಮೆಯದೇ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನೇ ತಿನ್ನುತ್ತದೆ ಅಂತಾರೆ. ಬಟ್ಟೆಗೆ ಹೊಟ್ಟೆಯಿದೆ ಎಂದು ನಂಬಿದ ಊರು, ನಾಯಿಗೆ ಮೂಗಿದೆ ಎಂಬುದನ್ನು ಮರೆತಿತ್ತು.

ಅದೇ ಊರಲ್ಲಿ ಸಂಗವ್ವನ ಒಬ್ಬಳೇ ಮಗಳು ಚಿನ್ನವ್ವ ಜ್ವರದಲ್ಲಿ ಹೋದಳು. ಮಗಳ ಲಂಗ, ಕುಬಸಗಳನ್ನೆಲ್ಲ ತಿಪ್ಪವ್ವ ಒಂದು ಕೌದಿಯಾಗಿ ಹೊಲಿದುಕೊಟ್ಟಳು. ಚೂರು ಸಾಲದು, ಇಡೀ ಹೋಳಿಗೆ ಇಡು, ನನ್ನ ಮಗಳು ಚೂರಿಗೆ ಒಪ್ಪುವವಳಲ್ಲ ಎಂದಳಂತೆ ಸಂಗವ್ವ. ತಿಪ್ಪವ್ವ ಇಟ್ಟಳು. ಸಾವಿನ ಮನೆಯಲ್ಲಿ ಹೋಳಿಗೆಯ ಅಳತೆಗೆ ಯಾರು ಜಗಳವಾಡುತ್ತಾರೆ?

ಕೆಲವೇ ದಿನಗಳಲ್ಲಿ ಕರಿಯ ಎಂಬ ಮನೆಯ ನಾಯಿ ಕೌದಿಯ ಮೂಲೆ ಹರಿದು, ಒಳಗಿನ ಅರಿವೆಯನ್ನೆಲ್ಲ ಅಂಗಳದ ತುಂಬ ಹರಡಿತು. ಚಿನ್ನವ್ವನೇ ಮರಿಯಿಂದ ಸಾಕಿದ ನಾಯಿ.

ತಿಪ್ಪವ್ವ ಬಂದು ನೋಡಿದಾಗ ನಾಯಿಯನ್ನು ಕಂಬಕ್ಕೆ ಕಟ್ಟಿದ್ದರು. ಸಂಗವ್ವನ ಗಂಡ ನಿಂಗಣ್ಣ ಕೊಡಲಿ ಹಿಡಿದು ನಿಂತಿದ್ದ. ಸಂಗವ್ವ ಹೊಡಿ ಎಂದೂ ಹೇಳದೆ, ಬಿಡು ಎಂದೂ ಹೇಳದೆ, ಮಗಳ ಲಂಗದ ಚಿಂದಿಗಳನ್ನು ಮಣ್ಣಿನಿಂದ ಆರಿಸುತ್ತಿದ್ದಳು.

"ಏ ನಿಂಗಣ್ಣ, ನಾಯೀನ ಕಡದ್ರ ಅರಿವಿ ಕೂಡತಾವೇನೋ?" ಎಂದನಂತೆ ಬೇಲಿಯಾಚೆಯ ಒಬ್ಬ.

"ನಿನ್ನ ಮಗಳ ಲಂಗ ಹರದಿದ್ರ ಹಿಂಗ ಮಾತಾಡತಿದ್ದೇನು? ನಡಿ ಅತ್ತಾಗ!"

ತಿಪ್ಪವ್ವ ಹರಿದ ಮೂಲೆಯನ್ನು ಎತ್ತಿ ಮೂಸಿದಳು. ಬೆಲ್ಲ. ನಿಜ ಹೇಳಿದರೆ ನಾಯಿ ಉಳಿದೀತು, ಆದರೆ ಮಗಳ ಗುರುತನ್ನು ತಾನೇ ನಾಯಿಗೆ ಬಡಿಸಿದೆ ಎಂದು ತಾಯಿಗೆ ತಿಳಿಯುತ್ತದೆ. ಸುಮ್ಮನಿದ್ದರೆ ಕೊಡಲಿ ಬೀಳುತ್ತದೆ. ತಿಪ್ಪವ್ವ ಸುಳ್ಳು ಹೇಳಿದಳು.

"ಹೊಡೀಬ್ಯಾಡೋ ತಮ್ಮಾ. ಅದು ಹರದಿಲ್ಲ, ಹುಡಕೇತಿ. ಚಿನ್ನಿ ಮೈವಾಸನಿ ಇತ್ತಲ್ಲ ಒಳಗ."

ಕೊಡಲಿ ಕೆಳಗಿಳಿಯಿತು. ಊರು ಕಣ್ಣೊರೆಸಿಕೊಂಡಿತು. ಊರಿಗೆ ಇಂಥದ್ದು ಬೇಗ ಒಗ್ಗುತ್ತದೆ.

ತಿಪ್ಪವ್ವ ಕೌದಿಯನ್ನು ದುರಸ್ತಿ ಮಾಡಿದಳು. ಸೂಜಿ ತಾಳದಷ್ಟು ಹರಿದ ಕಡೆ ತನ್ನ ಸೀರೆಯ ತುಂಡನ್ನೇ ತೇಪೆ ಹಾಕಿದಳು. ಈ ಸಲ ಹೋಳಿಗೆ ಇಡಲಿಲ್ಲ. ಆದರೂ ಸುಗ್ಗಿಯ ಹೊತ್ತಿಗೆ ಕೌದಿ ಮತ್ತೆ ಹರಿದು ಬಂತು. ಅದೇ ಮೂಲೆ. ಹೊಲಿದುಕೊಟ್ಟಳು, ಮತ್ತೆ ಬಂತು. ಪ್ರತಿ ಸಲ ಚಿನ್ನವ್ವನ ಬಟ್ಟೆ ಕಡಿಮೆಯಾಗುತ್ತಿತ್ತು, ತಿಪ್ಪವ್ವನ ಸೀರೆ ಹೆಚ್ಚಾಗುತ್ತಿತ್ತು. ಕರಿಯ ಇನ್ನೂ ಹುಡುಕುತ್ತಿದೆ ಎಂದು ಊರು ನಾಯಿಗೆ ಕೈಮುಗಿಯತೊಡಗಿತು. ತಿಪ್ಪವ್ವನಿಗೆ ಮಾತ್ರ ಮೂಲೆಯ ಪದರಗಳ ನಡುವೆ ಹೂರಣ ಕಂಡಿತು. ಇನ್ನೂ ಒಣಗದ ಹೂರಣ.

"ಸಂಗವ್ವ, ಇದನ್ನ ನಾ ಇಟ್ಟಿಲ್ಲಬೇ."

"ನಾ ಇಟ್ಟೀನಿ."

"ಅಂದ್ರ ನಿನಗ ಗೊತ್ತಿತ್ತು?"

"ನನ್ನ ಕೈಯಾರೆ ಬಡದ ಹೋಳಿಗಿ. ನಾಯಿ ಬಾಯಾಗ ಅದರ ವಾಸನಿ ನನಗ ತಿಳಿಯೂದಿಲ್ಲೇನು?" ಎಂದಳು ಸಂಗವ್ವ. "ಅವರಪ್ಪ ಅಕಿ ಹೆಸರು ಎತ್ತೂದು ಬಿಟ್ಟಾನ. ಊರವರು ನಾಯಿ ಹೆಸರು ಹೇಳತಾರ, ಅಕಿದು ಹೇಳೂದಿಲ್ಲ. ಸುಳ್ಳಾದ್ರೂ ಆಗಲಿ, ಒಂದು ಜೀವಾದ್ರೂ ಅಕಿನ್ನ ಹುಡಕಲಿ."

"ಹಿಂಗಾದ್ರ ಕೌದಿ ಉಳಿಯೂದಿಲ್ಲ."

"ಉಳಿಸು. ಅದಕ್ಕ ನಿನ್ನ ಕರದೀನಿ."

ಇಲ್ಲಿ ತಿಪ್ಪವ್ವನಿಗೆ ದೇವರು ಕಾಣಿಸಿಕೊಂಡು ಉಪಾಯ ಹೇಳಿದ ಅಂತಾರೆ. ದೇವರು ಬೇಕಿರಲಿಲ್ಲ. ನಾಯಿ ಎಳೆದಾಗ ದಾರ ಬಿಟ್ಟುಕೊಡಬೇಕು, ಬಟ್ಟೆ ಬಿಟ್ಟುಕೊಡಬಾರದು. ಅವಳು ಆ ಮೂಲೆಯೊಂದನ್ನು ಉದ್ದುದ್ದ ಸಡಿಲು ಹೊಲಿಗೆ ಹಾಕಿ, ಗಂಟಿಲ್ಲದೆ ಬಿಟ್ಟಳು. ಅಲ್ಲಿಂದ ಮುಂದೆ ಕರಿಯ ಎಳೆಯುತ್ತಿತ್ತು, ದಾರ ಬಿಚ್ಚುತ್ತಿತ್ತು, ಹೋಳಿಗೆ ತಿನ್ನುತ್ತಿತ್ತು. ತಿಪ್ಪವ್ವ ಬಂದು ಮತ್ತೆ ದಾರ ಪೋಣಿಸಿ ಹೋಗುತ್ತಿದ್ದಳು. ಚಿನ್ನವ್ವನ ಲಂಗ ಎಷ್ಟು ಉಳಿದಿತ್ತೋ ಅಷ್ಟು ಉಳಿಯಿತು. ಹೆಚ್ಚೇನೂ ಉಳಿದಿರಲಿಲ್ಲ.

ಆಮೇಲೆ ಕರಿಯ ಮುದಿಯಾಗಿ ಸತ್ತಿತು. ಸಂಗವ್ವ ಅಭ್ಯಾಸದಂತೆ ಮೂಲೆಯಲ್ಲಿ ಹೋಳಿಗೆ ಇಟ್ಟಳು. ಅದು ಅಲ್ಲೇ ಬೂಷ್ಟು ಹಿಡಿಯಿತು. ಇರುವೆ ಬಂದವು. ಇರುವೆಗಳು ಚಿನ್ನವ್ವನನ್ನು ಹುಡುಕಲು ಬಂದವು ಎಂದು ಯಾರೂ ಹೇಳಲಿಲ್ಲ, ತಿಪ್ಪವ್ವ ಕೂಡ. ಮುಂದಿನ ಮಳೆಗಾಲ ಸಂಗವ್ವ ಹೋದಳು. ಅವಳ ಜೊತೆಗೇ ಕೌದಿಯನ್ನೂ ಮಣ್ಣಿಗಿಟ್ಟರು. ಮೂಲೆ ಹೊಲಿಯಬೇಕೇ ಎಂದು ನಿಂಗಣ್ಣ ಕೇಳಿದನಂತೆ. ಬೇಡ ಎಂದಳಂತೆ ತಿಪ್ಪವ್ವ. ಅವಳು ಯಾವಾಗ ಸತ್ತಳು, ಯಾವ ಕೌದಿ ಹೊದ್ದು ಸತ್ತಳು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈಗಲೂ ಆ ಸೀಮೆಯಲ್ಲಿ ಕೌದಿ ಹೊಲಿಯುವವರು ಒಂದು ಮೂಲೆಯನ್ನು ಸಡಿಲು ಬಿಡುತ್ತಾರೆ. ಅದನ್ನು ತಿಪ್ಪವ್ವನ ಮೂಲೆ ಅಂತಾರೆ. ಸತ್ತವರು ಬಂದು ಹೋಗಲಿಕ್ಕೆ ದಾರಿ ಅಂತಾರೆ. ಹೋಳಿಗೆಯನ್ನು ಈಗ ಒಳಗಿಡುವುದಿಲ್ಲ, ಅಷ್ಟು ಬುದ್ಧಿ ಬಂದಿದೆ. ಹೊರಗೆ ತಂದು ನಾಯಿಗೆ ಹಾಕುತ್ತಾರೆ. ಹಾಕುವಾಗ ಮನೆಯಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಾರೆ. ಯಾರ ಮನೆಯಾದರೂ ಸರಿ, ಮೊದಲು ಚಿನ್ನವ್ವ ಎಂದು ಕೂಗಬೇಕು.

ಅವಳು ಯಾರು ಎಂದು ಕೇಳಿದರೆ, ನಾಯಿಯ ಹೆಸರಿರಬೇಕು ಅಂತಾರೆ.