ಕೂರದಮ್ಮನ ಬೆಟ್ಟ

ಹಿರೇಗುಂಡಿಯ ಪಡುವಣಕ್ಕಿರುವ ಈ ಬೆಟ್ಟದ ನೆತ್ತಿಯಲ್ಲಿರುವುದು ಮಲ್ಲಿಕಾರ್ಜುನನ ಗುಡಿ. ಪಾಳೆಯಗಾರರ ಕಾಲದ ಕಲ್ಲುಮಂಟಪ, ಗಾಳಿಗೆ ತಾನಾಗಿ ಅಲುಗುವ ಗಂಟೆ, ಬಂಡೆಯ ಸಂದಿನಲ್ಲಿ ಬೆಳೆದ ಕಣಗಿಲೆ, ಎಲ್ಲವೂ ಶಿವನವೇ. ಆದರೂ ಸುತ್ತಲಿನವರ ಬಾಯಲ್ಲಿ ಇದು ಮಲ್ಲಯ್ಯನ ಬೆಟ್ಟವಲ್ಲ, ಕೂರದಮ್ಮನ ಬೆಟ್ಟ.

ಹಿಂದೆ ಒಮ್ಮೆ ಊರಿಗೆ ಸಿಡುಬು ಬಿತ್ತು. ಹೆದರಿದ ಹಿರಿಯರು ಮೈಮೇಲೆ ಗುಳ್ಳೆ ಎದ್ದವರನ್ನೆಲ್ಲ ಬೆಟ್ಟದ ಮಂಟಪಕ್ಕೆ ಸಾಗಿಸಿ, ಕೆಳಗಿನ ಕೋಟೆಬಾಗಿಲಿಗೆ ಅಗಳಿ ಹಾಕಿಸಿದರು. ಕಾವಲಿಗೆ ನಿಂತವನು ತಳವಾರ ಬೊಮ್ಮಣ್ಣ. ಅವನ ತಂಗಿ ಸೂರಮ್ಮ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು; ಚಿಕ್ಕಂದಿನಲ್ಲೇ ಸಿಡುಬು ಕಂಡು ಬದುಕಿದವಳು. "ಅವರಿಗೆ ನೀರು ಕೊಡುವವರು ಯಾರಣ್ಣ?" ಎಂದು ಕೇಳಿದಳಂತೆ. ಅಣ್ಣ ಅಗಳಿ ಸರಿಸಿದ. ಅವಳು ಬಿಂದಿಗೆ ಎತ್ತಿಕೊಂಡು ಒಳಹೊಕ್ಕಳು. ಅವಳ ಬೆನ್ನಹಿಂದೆಯೇ ಅವನು ಅಗಳಿ ಹಾಕಿದ.

ಬೆಟ್ಟದಲ್ಲಿ ನೀರಿದ್ದದ್ದು ಬಂಡೆಯೊಳಗಿನ ಒಂದೇ ದೊಣೆಯಲ್ಲಿ, ಅದೂ ಮಂಟಪದಿಂದ ಬಹಳ ಕೆಳಗೆ. ಒಬ್ಬರ ಬಾಯಿಗೆ ನೀರು ಬಿಡುವಷ್ಟರಲ್ಲಿ ಇನ್ನೊಬ್ಬರು ನರಳುತ್ತಿದ್ದರು. ಕೂತರೆ ನಿದ್ದೆ ಬಂದೀತು, ನಿದ್ದೆ ಬಂದರೆ ಯಾರದೋ ಜೀವ ಹೋದೀತು ಎಂಬ ದಿಗಿಲು ಅವಳಿಗೆ. ಮಂಟಪದಲ್ಲಿ ಮಲಗಿದ್ದವರಲ್ಲೊಬ್ಬನಾದ ಮುದುಕ ಕರಿಯಜ್ಜ ಎಷ್ಟು ಬೇಡಿಕೊಂಡರೂ ಅವಳು ಕೂರಲಿಲ್ಲ. ಕೆಳಗೆ ಬೊಮ್ಮಣ್ಣನಿಗೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ತಲೆಯೆತ್ತಿದಾಗಲೆಲ್ಲ ಬಂಡೆಗಳ ನಡುವೆ ಅವಳ ಸೀರೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು ಕಾಣುತ್ತಿತ್ತು.

ಒಂದು ಬೆಳಿಗ್ಗೆ ಅವಳು ಗುಣವಾದವರನ್ನು ಕರೆದುಕೊಂಡು ಬಾಗಿಲಿಗೆ ಬಂದಳು.

"ಹಿರಿಯರ ಅಪ್ಪಣೆಯಿಲ್ಲ ತಂಗಿ," ಎಂದ ಬೊಮ್ಮಣ್ಣ.

"ಬದುಕಿದವರನ್ನು ಇಲ್ಲೇ ಸಾಯಿಸೆಂದು ಅಪ್ಪಣೆ ಆಗಿದೆಯೇನು? ತೆಗಿ ಅಣ್ಣ."

ಅವನು ಅಗಳಿ ಸರಿಸಿದ. ಎಲ್ಲರೂ ಹೊರಬಂದರು. ಅವಳು ಮಾತ್ರ, "ಕರಿಯಜ್ಜ ಇನ್ನೂ ಏಳಲಾರ," ಎಂದು ತಿರುಗಿ ಹತ್ತತೊಡಗಿದಳು.

ಹೊತ್ತು ಇಳಿದರೂ ಬಂಡೆಗಳ ನಡುವೆ ಸೀರೆ ಕಾಣಲಿಲ್ಲ. ಸಿಡುಬನ್ನೂ ಹಿರಿಯರನ್ನೂ ಮರೆತು ಬೊಮ್ಮಣ್ಣ ಮೇಲಕ್ಕೆ ಓಡಿದ. ಕರಿಯಜ್ಜ ಬದುಕಿದ್ದ. "ನೀರಿಗೆ ಹೋಗ್ಯಾಳೆ, ಬರ್ತಾಳೆ," ಎಂದ. ದೊಣೆಯ ಅಂಚಿನಲ್ಲಿ ಬಂಡೆಗೆ ಒರಗಿ, ತುಂಬಿದ ಬಿಂದಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು, ನಿಂತ ಹಾಗೆಯೇ ಸೂರಮ್ಮನ ಉಸಿರು ನಿಂತಿತ್ತು. ಬೊಮ್ಮಣ್ಣ ಆ ಬಿಂದಿಗೆಯನ್ನು ಬಿಡಿಸಿಕೊಂಡು, ಹತ್ತಿ ಹೋಗಿ, ಮೊದಲು ಅಜ್ಜನಿಗೆ ನೀರು ಕುಡಿಸಿದ. ಅತ್ತದ್ದು ಆಮೇಲೆ ಎನ್ನುತ್ತಾರೆ.

ಇಂದಿಗೂ ದರ್ಶನ ಮುಗಿಸಿ ಜಗಲಿಯಲ್ಲಿ ಗಳಿಗೆ ಹೊತ್ತು ಕೂತೇಳುವ ವಾಡಿಕೆ ಈ ಗುಡಿಯಲ್ಲಿಲ್ಲ. ಮೊಣಕಾಲು ಸೋತ ಮುದುಕಿಯರೂ ಕಂಬ ಹಿಡಿದು ನಿಂತೇ ದಣಿವಾರಿಸಿಕೊಂಡು, ಇಳಿಯುವ ದಾರಿ ಹಿಡಿಯುತ್ತಾರೆ.