ಅರಿಶಿನಕ್ಕೆ ಎರಡು ಕಾವಲು

"ಬುದ್ಧಿ, ಮಠದ ಉಗ್ರಾಣಕ್ಕೆ ನಂಬಿಗಸ್ಥನನ್ನೇ ಹುಡುಕಿ ಇಟ್ಟೆ. ಯಾವುದಕ್ಕೂ ಇರಲಿ ಎಂದು ಅವನ ಬೆನ್ನ ಹಿಂದೆ ಒಬ್ಬ ಕಾವಲಿನವನನ್ನೂ ಬಿಟ್ಟೆ. ಈಗ ಆ ನಂಬಿಗಸ್ಥ ಬೀಗದ ಕೈ ತಂದಿಟ್ಟು ಹೊರಟಿದ್ದಾನೆ. ನಾನು ಮಾಡಿದ್ದರಲ್ಲಿ ತಪ್ಪೇನು?" ಎಂದು ಶಿಷ್ಯ ಸಿದ್ಧಮಲ್ಲ ಕೇಳಿದ.

ಗುರುಗಳು ಉಪದೇಶ ಮಾಡುವವರಲ್ಲ. ಕತೆ ಹೇಳಿದರು.

ಒಬ್ಬ ರೈತನಿದ್ದ. ಅರಿಶಿನ ಬೆಳೆಯುತ್ತಿದ್ದ. ನೆಲದೊಳಗೆ ಬೂಷ್ಟು ಸೇರಿ ಗಡ್ಡೆ ಕೊಳೆಯತೊಡಗಿತು. ವರ್ಷದಿಂದ ವರ್ಷಕ್ಕೆ ಬೆಳೆ ಕರಗಿತು. ಕೊನೆಗೆ ಉಳಿದದ್ದು ಒಂದು ಕುಕ್ಕೆ ಬಿತ್ತನೆ ಗಡ್ಡೆ. ಅವನ ತಾಯಿ ಮದುವೆಯಾಗಿ ಬರುವಾಗ ತವರಿನಿಂದ ತಂದ ತಳಿ ಅದು. ಬೇರೆ ಯಾರ ಹೊಲದಲ್ಲೂ ಇರಲಿಲ್ಲ. ಆ ಕುಕ್ಕೆ ಹೋದರೆ ತಳಿಯೇ ಹೋದಂತೆ.

ರೈತ ಹರಕೆ ಹೊತ್ತ. ದೇವರು ನಡುವೆ ಬರಲಿಲ್ಲ. ಆಮೇಲೆ ಬೆಳೆಯ ರೋಗ ಬಲ್ಲ ಪಂಡಿತನೊಬ್ಬ ಅವನಿಗೆ ಒಂದು ಚೀಲ ಪುಡಿ ಕೊಟ್ಟ. "ಇದರಲ್ಲಿರುವುದು ಕಣ್ಣಿಗೆ ಕಾಣದ ಜೀವಾಣು. ಬೇರಿನ ಸುತ್ತ ನೆಲೆ ನಿಂತು, ಬೇರು ಕೊಟ್ಟದ್ದನ್ನು ತಿಂದುಕೊಂಡು, ಬೂಷ್ಟಿಗೆ ಜಾಗ ಬಿಡುವುದಿಲ್ಲ. ಬೇರು ಬೆಳೆದಂತೆ ತಾನೂ ಬೆಳೆಯುತ್ತದೆ. ಗಡ್ಡೆಯನ್ನು ಇದರಲ್ಲಿ ಅದ್ದಿ ನೆಡು. ಮತ್ತೇನೂ ಸುರಿಯಬೇಡ" ಎಂದ.

ಕೊನೆಯ ಮಾತು ರೈತನಿಗೆ ರುಚಿಸಲಿಲ್ಲ. ಆದರೂ ಪುಡಿಯನ್ನು ನೀರಿನಲ್ಲಿ ಕದಡಿ, ಗಡ್ಡೆಗಳನ್ನು ಅದ್ದಿ, ನೆರಳಿನಲ್ಲಿ ಆರಿಸಿ ನೆಟ್ಟ.

ನೆಟ್ಟ ಮೇಲೆ ಮನಸ್ಸು ನಿಲ್ಲಲಿಲ್ಲ. ಕಣ್ಣಿಗೆ ಕಾಣದ್ದನ್ನು ನಂಬಿ ಕೂರುವುದು ಹೇಗೆ? ದೇವರ ವಿಷಯದಲ್ಲಿ ಈ ಪ್ರಶ್ನೆ ಅವನಿಗೆ ಎಂದೂ ಬಂದಿರಲಿಲ್ಲ. ಅಪ್ಪನ ಕಾಲದಿಂದ ಬಂದ ಪದ್ಧತಿಯೊಂದಿತ್ತು: ಬೂಷ್ಟು ಸಾಯಲೆಂದು ಮೈಲುತುತ್ತವನ್ನು ಸುಣ್ಣದೊಂದಿಗೆ ಕದಡಿ ಸಾಲಿಗೆ ಸುರಿಯುವುದು. ಅದಾದರೂ ನೀಲಿಯಾಗಿ ಕಾಣುತ್ತಿತ್ತು. ರೈತ ಕೊಡ ತುಂಬಿಕೊಂಡ.

ಹೆಂಡತಿ ಅಡ್ಡ ಬಂದಳು. "ಅದಕ್ಕೆ ಜೀವ ಅದೆ ಅಂದ್ರಲ್ಲ. ಇದ ಸುರುದ್ರೆ ಸಾಯಕಿಲ್ವಾ?"

"ಸುಮ್ಕಿರೇ. ಇದು ಸಾಯ್ಸೋದು ಕೆಟ್ಟುದ್ನ. ಒಳ್ಳೇದ್ರ ತಂಟೆಗೆ ಇದ್ಯಾಕೆ ಹೋದದು?"

ಒಂದು ಸಾಲೂ ಬಿಡದೆ ಸುರಿದ. ಆ ರಾತ್ರಿ ನೆಮ್ಮದಿಯಾಗಿ ಮಲಗಿದ.

ಮಳೆ ಹಿಡಿಯಿತು. ಮೈಲುತುತ್ತ ಮಳೆನೀರಿನೊಂದಿಗೆ ಹಳ್ಳ ಸೇರಿತು. ಅಷ್ಟರಲ್ಲಿ ಅದು ಜೀವಾಣುವನ್ನು ಮುಗಿಸಿತ್ತು. ಆಳದಲ್ಲಿದ್ದ ಬೂಷ್ಟಿಗೆ ಅದು ತಾಗಿರಲೇ ಇಲ್ಲ. ಎಲೆ ಹಳದಿಗೆ ತಿರುಗಿತು. ಹೆಂಡತಿ ಒಂದು ಗಿಡ ಹಿಡಿದು ಎಳೆದಳು. ದಂಟು ಕೈಗೆ ಬಂತು. ಗಡ್ಡೆ ನೆಲದಲ್ಲೇ ಲೋಳೆಯಾಗಿತ್ತು. ಇಬ್ಬರೂ ಸಾಲು ಸಾಲು ಅಗೆದರು. ಬಿತ್ತನೆಗೆ ಎತ್ತಿಡಲು ಬೆರಳಿನಷ್ಟೂ ಸಿಗಲಿಲ್ಲ. ಅತ್ತೆಯ ತಳಿಯ ಖಾಲಿ ಕುಕ್ಕೆಯನ್ನು ಹೆಂಡತಿ ಬದುವಿನ ಮೇಲೇ ಬಿಟ್ಟು ಮನೆಗೆ ನಡೆದಳು.

ಪಂಡಿತನ ಪುಡಿ ಬರೀ ಬೂದಿ ಎಂದು ರೈತ ಊರಿಗೆಲ್ಲ ಹೇಳಿದ. ಎರಡೆರಡು ಕಾವಲು ಹಾಕಿದವನ ಮಾತು, ಊರು ನಂಬಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಪಾಪ, ಬುದ್ಧಿ. ಅವನು ಸುರಿದದ್ದು ಬೆಳೆ ಉಳಿಯಲಿ ಎಂದೇ ಅಲ್ಲವೆ?" ಎಂದ ಸಿದ್ಧಮಲ್ಲ.

ಗುರುಗಳು ಹೇಳಿದರು: "ಅದನ್ನು ವಿಷಕ್ಕೆ ಯಾರು ತಿಳಿಸಬೇಕಿತ್ತು?"